ಹಲ್ಲು ಬೇಯುವಷ್ಟು ಹೊತ್ತು

ಪಿ.ಜೆ. ಬಡಾವಣೆಯ ಕೊನೆಯ ತಿರುವಿನಲ್ಲಿ
ಮೆಟ್ಟಿಲ ಕೆಳಗೆ ನನ್ನ ಅಂಗಡಿ.
ಬೋರ್ಡಿನ ಮೇಲೆ ಬರೀ ಹಲ್ಲು, ಹೆಸರಿಲ್ಲ.
ಡಾಕ್ಟರು ಅಚ್ಚು ಕಳಿಸುತ್ತಾರೆ, ನಾನು ಸೆಟ್ಟು ಕಟ್ಟುತ್ತೇನೆ.
ದಾವಣಗೆರೆಯಲ್ಲಿ ಮಿರ್ಚಿ ಮಂಡಕ್ಕಿ ಜಗಿಯುವ ಎಷ್ಟೋ ಬಾಯಿ
ನನಗೆ ಒಳಗಿನಿಂದ ಗೊತ್ತು, ಮುಖ ಗೊತ್ತಿಲ್ಲ.

ಅಂಗಡಿಯ ಹಿಂದೆ ಒಂದು ಕೋಣೆ.
ಹಳೇ ಬಾಗಿಲೊಂದನ್ನು ನಾಲ್ಕು ಸ್ಟೂಲಿನ ಮೇಲೆ ಮಲಗಿಸಿದ್ದೇನೆ.
ಚಿಲಕವಿದ್ದ ತೂತು ಈಗ ಒಂದು ಬಾವಿ.
ಅಂಚಿನ ಸುತ್ತ ಹಳಿ:
ಈ ತುದಿಗೆ ಚಿಕ್ಕಜಾಜೂರು, ಆ ತುದಿಗೆ ಚಿತ್ರದುರ್ಗ,
ನಡುವೆ ಎರಡು ಮೊಳ.

ಗುಡ್ಡಗಳೆಲ್ಲ ಕೆಟ್ಟ ಅಚ್ಚುಗಳ ಪ್ಲಾಸ್ಟರು.
ಸರಿಯಾಗಿ ನೋಡಿದರೆ ಕೋಟೆಯ ಕೆಳಗಿನ ಬಂಡೆಯಲ್ಲಿ
ಯಾರದೋ ದವಡೆ ಕಾಣುತ್ತದೆ.
ನೆಲಕ್ಕೆ ಸೋಸಿ ಒಣಗಿಸಿದ ಚಹಾಪುಡಿ.
ಜಲ್ಲಿಗೆಂದು ಮೊದಲು ರವೆ ಹಾಕಿದ್ದೆ,
ಒಂದೇ ವಾರದಲ್ಲಿ ಇರುವೆಗಳು
ಇಡೀ ಲೈನು ಹೊತ್ತುಕೊಂಡು ಹೋದವು.
ಸ್ಟೇಷನ್ನಿನ ಕಾಗದದ ಹೂವಿಗೆ ವಸಡಿನ ಬಣ್ಣ;
ಬೇರೆ ಗುಲಾಬಿ ನನ್ನಲ್ಲಿಲ್ಲ.
ಗೂಡ್ಸಿನಲ್ಲಿ ಅದಿರು ಹೋಗುತ್ತದೆ,
ಅಂದರೆ ರಾಗಿ.

ಎಂಜಿನ್ನು ಹುಬ್ಬಳ್ಳಿಯ ಗುಜರಿಯಲ್ಲಿ ಸಿಕ್ಕಿದ್ದು,
ಯಾವುದೋ ದೇಶದ್ದು, ಹಸಿರಿತ್ತು, ನೀಲಿ ಬಳಿದೆ.
ರಾತ್ರಿ ಅದರ ಚಕ್ರಗಳನ್ನು ಸ್ಪಿರಿಟ್ಟಿನಲ್ಲಿ
ಒಂದೊಂದೇ ಉಜ್ಜುತ್ತ ಕೂತರೆ
ಹಮೀದಾ ಬಾಗಿಲಲ್ಲಿ ನಿಂತು ಕೇಳುತ್ತಾಳೆ,
“ಮಗಳ ಜಡೆಗೆ ಎಂದಾದರೂ ಇಷ್ಟು ಹೊತ್ತು ಕೂತಿದ್ದೀರಾ?”
ಇಲ್ಲ.

ಹೋದ ತಿಂಗಳು ಓಬಳೇಶಪ್ಪ ಬಂದ,
ತನ್ನ ಅಚ್ಚನ್ನು ತಾನೇ ಹಿಡಿದು.
ಅಕ್ರಿಲಿಕ್ಕು ಬೇಯಬೇಕು, ಒಂದೂವರೆ ಗಂಟೆ.
“ಒಳಗೆ ಕೂತ್ಕೊಳ್ರಿ” ಎಂದೆ.
ಬೋಳು ಬಾಯಿ ಮುಚ್ಚಿಕೊಂಡು ಕೂತ.
ಗುಂಡಿ ತಿರುಗಿಸಿದೆ. ರೈಲು ಹೊರಟಿತು
ಸೊಳ್ಳೆಯ ಹಾಗೆ ಗುಂಯ್‌ಗುಡುತ್ತ,
ಚಿತ್ರದುರ್ಗ, ಚಿಕ್ಕಜಾಜೂರು, ಚಿತ್ರದುರ್ಗ.
ಈ ಹೊತ್ತಿಗೆ ಎಲ್ಲರೂ ಕೇಳುವುದು ಖರ್ಚೆಷ್ಟು ಎಂದು.
ಅವನು ಬಾಗಿ ಬೆರಳು ಮಾಡಿದ:
“ಗೇಟಿನ್ಯಾಗ ಯಾರದಾರ?”

ಗೇಟು ಟೂತ್‌ಬ್ರಶ್ಶಿನ ಹಿಡಿಯದು,
ಕೆಂಪು ಬಿಳಿ ಪಟ್ಟೆ, ಸದಾ ಮೇಲೆದ್ದೇ ಇರುವುದು.
ಆಚೆ ಒಂದು ಎತ್ತಿನಗಾಡಿ, ಎರಡು ಸ್ಕೂಟರು
ಐದು ವರ್ಷದಿಂದ ಸುಮ್ಮನೆ ನಿಂತಿದ್ದವು.
“ಯಾರೂ ಇಲ್ಲ” ಎಂದೆ.
“ಹಂಗಾದ್ರ ನಿಲ್ಸು.”

ನಿಲ್ಲಿಸಿದೆ.
ಮೂವತ್ತೊಂದು ವರ್ಷ ಗೇಟು ಹಾಕಿದವನಂತೆ.
“ಹೆರಿಗಿ ಆಟೋ ಬಂದ್ರೂ ತಗೀಲಿಲ್ಲ ನಾ.
ಕೂಸು ಅಲ್ಲೇ ಹುಟ್ಟಿತು, ಗೂಡ್ಸು ಹೋಗೋದ್ರಾಗ.
ಈಗ ಅವ ಬಸ್ಸು ಓಡಸ್ತಾನ,
ಗೇಟು ಬಿದ್ರ ಎಲ್ಲಾರಿಗಿಂತ ಮೊದ್ಲು
ಹಾರ್ನ್ ಹೊಡ್ಯಾವ ಅವನ.”
ಹೇಳುತ್ತ ತೋರುಬೆರಳಿನಿಂದ ಹಿಡಿಯನ್ನು ಕೆಳಗೊತ್ತಿ,
“ಈಗ ಬಿಡು.”

ರೈಲು ಅವನ ಉಗುರಿನ ಪಕ್ಕ ಹಾದುಹೋಯಿತು.
ಬೆರಳು ಎತ್ತಲಿಲ್ಲ.
“ಕೊನೀ ಡಬ್ಬಿ ಹಿಂದ ಗುಣಿಸು ಗುರ್ತು ಎಲ್ಲೈತಿ?
ಅದು ಕಾಣ್ಲಿಲ್ಲಂದ್ರ ಗಾಡಿ ಪೂರ್ತಿ ಬಂದಿಲ್ಲಂತ ಲೆಕ್ಕ.”
ಅಂದರೆ ಐದು ವರ್ಷದಲ್ಲಿ
ನನ್ನ ಒಂದು ರೈಲೂ ಪೂರ್ತಿ ಬಂದಿಲ್ಲ.

ಹಲ್ಲು ಕೆತ್ತುವ ಸೂಜಿಯನ್ನು ಬಣ್ಣಕ್ಕದ್ದಿ
ಅಲ್ಲೇ ಎರಡು ಗೆರೆ ಎಳೆದೆ, ಒಂದರ ಮೇಲೊಂದು.
ಅಷ್ಟರಲ್ಲಿ ಮುಂದಿನ ಕೋಣೆಯಿಂದ ಸುಟ್ಟ ವಾಸನೆ:
ಪಾತ್ರೆಯ ನೀರು ಆರಿ ಸೆಟ್ಟು ಗುಳ್ಳೆಯೆದ್ದಿತ್ತು.
“ಮತ್ತ ಬರಬೇಕಾಗ್ತತಿ” ಎಂದೆ, ತಲೆ ತಗ್ಗಿಸಿ.
“ಬರ್ತೀನಿ ತಗಾ.”

ಹೊಸ ಸೆಟ್ಟು ಸಿದ್ಧವಾಗಿ ಇಪ್ಪತ್ತು ದಿನ.
ನಾಳೆ ಒಯ್ತೀನಿ ಇಟ್ಟಿರು ಎನ್ನುತ್ತಾನೆ, ದಿನಾ.
ಐದೂವರೆಗೆ ಬಂದು ಚಪ್ಪಲಿ ಕಳಚಿ
ಬಾಗಿಲ ಪಕ್ಕ ಬೆರಳು ಚಾಚಿ ಕೂರುತ್ತಾನೆ.
ಚಿಕ್ಕಜಾಜೂರಿನ ಹಿಂದೆ, ನೀರಿನ ಲೋಟದೊಳಗೆ,
ಅವನ ಹಲ್ಲು ನಗುತ್ತಿರುತ್ತದೆ.
ಗೇಟು ಬೀಳುತ್ತದೆ.
ಎತ್ತಿನಗಾಡಿ ಈಗ ಕಾರಣವಿದ್ದು ನಿಂತಿದೆ.