ಲೇಸು

ಕೊಕೊಮೊ, ಇಂಡಿಯಾನಾ. ಜಿಮ್ಮಿನ ಹೊರಗೆ
ಉಪ್ಪು ಚೆಲ್ಲಿದ ಹಿಮ; ಒಳಗೆ ಪಾಪ್‌ಕಾರ್ನು, ಬೆವರು.
ಒಂದೇ ಅಂಕ ಬೇಕಿತ್ತು. ಕೊನೆಯ ಚೆಂಡು
ರಿಮ್ಮಿನ ಮೇಲೆ ಎರಡು ಸುತ್ತು ಹಾಕಿ, ಯೋಚಿಸಿ,
ಕೈ ಕೊಟ್ಟಿತು. ಎಸೆದವಳು ನಾನು.

ಎದುರಿನಿಂದ ಕೈ ಕುಲುಕುವ ಸಾಲು:
ಗುಡ್ ಗೇಮ್, ಗುಡ್ ಗೇಮ್,
ತಾಕಿಯೂ ತಾಕದ ಒದ್ದೆ ಅಂಗೈಗಳು.
ನಾನು ಬಗ್ಗಿದೆ. ಸರಿಯಾಗಿಯೇ ಇದ್ದ ಶೂ ಲೇಸು
ಬಿಚ್ಚಿದೆ. ಕಟ್ಟಿದೆ. ಮತ್ತೆ ಬಿಚ್ಚಿದೆ.
ದಾಟಿ ಹೋಗಲಿ ಎಲ್ಲರೂ.

ಹೋದರು. ಒಂದು ಜೊತೆ ಶೂ ಮಾತ್ರ ಹೋಗಲಿಲ್ಲ,
ಎಡಗಡೆಯದಕ್ಕೆ ಬಿಳಿ ಟೇಪು ಸುತ್ತಿದ್ದು.
ಇಡೀ ಸಂಜೆ ನನ್ನ ನೆರಳಾಗಿದ್ದ
ಹದಿನಾಲ್ಕನೇ ನಂಬರು, ಡೀನಾ ಪ್ರೂಯಿಟ್.
ಮೂರನೇ ಕ್ವಾರ್ಟರಿನಲ್ಲಿ ಅವಳ ಪಕ್ಕೆಗೆ
ನನ್ನ ಮೊಣಕೈ. ರೆಫರಿ ಕಾಣಲಿಲ್ಲ.
ಕೈ ತಪ್ಪಿದ್ದಲ್ಲ ಅದು;
ಅವಳಿಗೂ ಗೊತ್ತು.

ಎಷ್ಟು ಹೊತ್ತು ಕಟ್ಟಬಹುದು ಒಂದು ಗಂಟನ್ನು?
ಆಚೆ ಯಾರೋ ಕುರ್ಚಿ ಮಡಚುತ್ತಿದ್ದರು.
ಅವಳ ಬಸ್ಸು ಒಮ್ಮೆ ಹಾರ್ನ್ ಮಾಡಿತು,
ಇನ್ನೊಮ್ಮೆ.
ಎಡಗೈ ಪಕ್ಕೆಯ ಮೇಲೆ, ಬಲಗೈ ನನ್ನತ್ತ,
ಮಾತಿಲ್ಲದೆ ನಿಂತೇ ಇದ್ದಳು.

ಪಾರ್ಕಿಂಗಿನಲ್ಲಿ ಮುಗ್ಗರಿಸಿದಾಗ ನೋಡಿಕೊಂಡೆ:
ಅವಸರಕ್ಕೆ ಎದ್ದಿದ್ದೆ,
ಹಿಮದಲ್ಲಿ ಎಳೆಯುತ್ತಿತ್ತು
ಕಟ್ಟದ ಲೇಸು.