ಒಂದೂವರೆ ಲೀಟರ್

ಮೊದಲು ಕಂಡಿದ್ದು ನಾಯಿ.
ಅಂಗಳದ ಹಿಮದ ಮೇಲೆ ಕೆಂಪು ಚುಕ್ಕಿ.
ಮೂಸಿತು, ಸೀನಿತು, ಬೇಲಿಯತ್ತ ಹೋಯಿತು.
ರಕ್ತವಲ್ಲ ಎಂದು ಅದಕ್ಕೆ ತಟ್ಟನೆ ತಿಳಿದದ್ದು
ಸರಂತುಯಾಗೆ ತಿಳಿಯಲು ಒಂದು ವಾರ ಹಿಡಿಯಿತು.

ಉಲಾನ್‌ಬಾತರಿನ ಉತ್ತರದ ಗುಡ್ಡ,
ಸೊನ್ನೆಗಿಂತ ಮೂವತ್ತೊಂದು ಕೆಳಗೆ,
ಕಲ್ಲಿದ್ದಲ ಹೊಗೆಯೊಳಗೆ ಕೂತಿದೆ ಕಾರು:
ಜಪಾನಿನಲ್ಲಿ ಯಾರದೋ ಸೇವೆ ಮುಗಿಸಿ
ಹಡಗಿಳಿದು, ರೈಲು ಹತ್ತಿ ಬಂದ
ಬಲಗೈ ಸ್ಟೇರಿಂಗಿನ ಕ್ರೌನ್.
ವಯಸ್ಸು ಇಪ್ಪತ್ತೊಂಬತ್ತು, ಅವಳಿಗಿಂತ ಮೂರು ವರ್ಷ ಚಿಕ್ಕದು.
ಹಗಲು ಟ್ಯಾಕ್ಸಿ; ರಾತ್ರಿ ಎಂಜಿನ್ನಿಗೆ ಕಂಬಳಿ.

ದೊಡ್ಡ ಗ್ಯಾರೇಜಿನವನು ಬಗ್ಗಿ ನೋಡಲೂ ಇಲ್ಲ.
"ಗೇರ್‌ಬಾಕ್ಸು ಹೋಯಿತು ತಂಗಿ, ಹದಿನೆಂಟು ಲಕ್ಷ ತುಗ್ರಿಕ್"
ಅಂದ, ಸಾವಿನ ಮನೆಗೆ ಬಂದವರ ದನಿಯಲ್ಲಿ.

ಅಂದಿನಿಂದ ಪ್ರತಿ ಬೆಳಗ್ಗೆ
ಅಮ್ಮ ಮೊದಲ ಹಾಲುಚಹಾ ಸೌಟಿನಲ್ಲೆತ್ತಿ
ಆಕಾಶಕ್ಕೆ ಎರಚುವ ಹೊತ್ತಿಗೆ
ಮಗಳು ಬಾನೆಟ್ ಎತ್ತಿ, ಕಡ್ಡಿ ಎಳೆದು, ಒರೆಸಿ, ಅದ್ದಿ,
"ಕಡಿಮೆ" ಎಂದುಕೊಂಡು
ಕೊಳವೆಗೆ ಕೆಂಪು ಎಣ್ಣೆ ಹುಯ್ಯುವಳು.
ಇಬ್ಬರೂ ಬೇಡುತ್ತಿದ್ದುದು ಒಂದನ್ನೇ:
ಇವತ್ತೊಂದು ದಿನ ಓಡಲಿ.

ಹುಯ್ದಷ್ಟೂ ಸೋರಿತು. ಸೋರಿದಷ್ಟೂ ಹುಯ್ದಳು.

ಛೋಯ್‌ಜಿಲ್ ಮುದುಕನ ಗ್ಯಾರೇಜು ಎಂದರೆ
ಹಡಗಿನಿಂದಿಳಿದ ಒಂದು ತಗಡಿನ ಕಂಟೇನರ್, ಒಂದು ಒಲೆ,
ಎಡಗೈಯಲ್ಲಿ ಮೂರೂವರೆ ಬೆರಳು.
ಕಾರಿನತ್ತ ತಿರುಗುವ ಮೊದಲೇ ರಟ್ಟು ಹುಡುಕಿದ.
ಕಿತ್ತಳೆ ಪೆಟ್ಟಿಗೆ ಹರಿದು, ಬಿಡಿಸಿ, ಕೆಳಗೆ ತಳ್ಳಿ,
"ಇವತ್ತು ರಾತ್ರಿ ಇದರ ಮೇಲೆ ಮಲಗಲಿ.
ಬಾಯಿ ಬಿಡಿಸೋಣ."

ಬೆಳಗ್ಗೆ ರಟ್ಟಿನ ಮೇಲೆ ಹೇಳಿಕೆ:
ಮೂತಿಯ ಕೆಳಗೆ ಎರಡು ಹನಿ, ಅಂಗಿಗುಂಡಿಯಷ್ಟು.
ನಡುವೆ ಏನೂ ಇಲ್ಲ.
"ಓಡಿ ಬಂದ ಮೇಲೆ ನಡುವೆಯೇ ಒದ್ದೆಯಿರುತ್ತಲ್ಲ?"
"ಹಾಗಾದರೆ ಕಳ್ಳರು ಇಬ್ಬರು."

ಹನಿಯನ್ನು ಬೆರಳಿಗೆ ಹಚ್ಚಿ ತಿಕ್ಕಿದ, ಮೂಸಿದ.
ಸುಟ್ಟ ವಾಸನೆ ಇಲ್ಲ. ಕಪ್ಪಿಲ್ಲ. ಲೋಹದ ಪುಡಿಯಿಲ್ಲ.
"ಹೊಟ್ಟೆ ಸರಿಯಿದೆ ಇದಕ್ಕೆ.
ಆ ಹದಿನೆಂಟು ಲಕ್ಷದವನು ಮೂಸಿದನೇ?"

ಮೊದಲನೆಯವನು ಸುಲಭಕ್ಕೆ ಸಿಕ್ಕ:
ರೇಡಿಯೇಟರಿಗೆ ಹೋಗುವ ಗೇಣುದ್ದ ರಬ್ಬರ್ ಪೈಪು
ಚಳಿಗೆ ಕುಗ್ಗಿ, ಕ್ಲಾಂಪಿನ ಹಿಡಿತದಿಂದ ಕೂದಲೆಳೆಯಷ್ಟು ಜಾರಿ,
ಬಿಸಿಯಾದೊಡನೆ ಹಿಗ್ಗಿ
ಏನೂ ಅರಿಯದ ಸೊಸೆಯಂತೆ ಕೂರುತ್ತಿತ್ತು.
ಕೊಯ್ದು ಹೊಸದು ಹಾಕಿದ. ಹನ್ನೆರಡು ಸಾವಿರ.

ಎರಡನೆಯವನಿಗೆ ಬಲೆ ಬೇಕಿತ್ತು.
ಸೀಮೆಎಣ್ಣೆಯಲ್ಲಿ ಗೇರ್‌ಬಾಕ್ಸಿನ ಮೈ ತೊಳೆದು, ಒಣಗಿಸಿ,
ಮೊಮ್ಮಗುವಿನ ಪೌಡರ್ ಡಬ್ಬಿ ಪೂರಾ ಬಳಿದ.
ಇಪ್ಪತ್ತೊಂಬತ್ತರ ಲೋಹ
ಮಿಂದ ಕೂಸಿನಂತೆ ಘಮ್ಮೆಂದಿತು.
ನದಿಯವರೆಗೆ ಓಡಿಸಿ ಬಂದರು.
ಟಾರ್ಚು ಹಲ್ಲಲ್ಲಿ ಕಚ್ಚಿ ಕೆಳಗೆ ತೂರಿದ.
ಹಿಂದಿನ ಸೀಲು ಬೆಳ್ಳಗೆ. ಪ್ಯಾನಿನ ಅಂಚು ಬೆಳ್ಳಗೆ.
ಎಲ್ಲಕ್ಕೂ ಮೇಲೆ, ಕೈ ಮಾತ್ರ ತಲುಪುವಲ್ಲಿ,
ಉಸಿರಾಡಲೆಂದು ಬಿಟ್ಟ ಪುಟ್ಟ ಮೂಗಿನಿಂದ
ಒಂದೇ ಕೆಂಪು ಗೆರೆ
ಪೌಡರ್ ಸೀಳಿಕೊಂಡು ಇಳಿದಿತ್ತು.

"ಕಡ್ಡಿ ಯಾವಾಗ ನೋಡುತ್ತೀ?"
"ಬೆಳಗ್ಗೆ. ಎಂಜಿನ್ ಹಚ್ಚಿದ ತಕ್ಷಣ."
ಮುದುಕ ಕಾರಿನಡಿಯಲ್ಲೇ ನಕ್ಕ; ತಗಡೆಲ್ಲ ನಕ್ಕಿತು.
"ಚಳಿಗೆ ಅದು ಮುದುಡಿರುತ್ತೆ ಮಗಳೇ.
ಅರ್ಧ ಗಂಟೆ ಓಡಿಸು. ಬಿಸಿಯಾಗಲಿ.
ಎಂಜಿನ್ ಆರಿಸದೆ ನೋಡು."
ನೋಡಿದಳು. ಮೇಲಿನ ಗುರುತು ದಾಟಿ ಎರಡು ಬೆರಳು.

ತುಂಬಿದ ಕೊಡ ತುಳುಕದು ಎಂದವರು
ಕ್ರೌನ್ ಓಡಿಸಿದವರಲ್ಲ.

ಅಡಿಯ ತಿರುಪು ಸಡಿಲಿಸಿ ಇಳಿಸಿದರು:
ಒಂದೂವರೆ ಲೀಟರ್. ಮೂರು ವಾರದ ಬೆಳಗುಗಳು
ನೀರಿನ ಬಾಟಲಿಯಲ್ಲಿ, ದಾಳಿಂಬೆ ಬಣ್ಣ.
ಬಹಳ ಹೊತ್ತು ಅದನ್ನು ಬಾಗಿಲ ಬೆಳಕಿಗೆ ಹಿಡಿದಿದ್ದಳು.
"ಚೆಲ್ಲಲೇ?"
"ಹುಚ್ಚಿ, ದುಡ್ಡು ಕೊಟ್ಟದ್ದು. ಡಿಕ್ಕಿಯಲ್ಲಿಡು."

ಮಾರನೆಯ ಬೆಳಗ್ಗೆ ಅಮ್ಮ ಸೌಟು ಎತ್ತಿದಳು.
ಸರಂತುಯಾಳ ಕೈ ಬಾನೆಟ್ಟಿನವರೆಗೆ ಹೋಗಿ
ಜೇಬಿಗೆ ಮರಳಿತು.
ನಾಯಿ ಹಿಮ ಮೂಸಿತು.
ಸೀನಲಿಲ್ಲ.