ಮೂರನೆಯ ದಿನಕ್ಕೆ ಮುಂಚೆ

ಹೋರ್‌ಬಿಯಲ್ಲಿ ಮಾರ್ಚ್ ಅಂದರೆ ಇನ್ನೂ ಕತ್ತಲೆ.
ಬೆಳಗಿನ ನಾಲ್ಕಕ್ಕೆ ಸೈಕಲ್ ಗೋಡೆಗೊರಗಿಸಿ
ಬಾಗಿಲು ತೆಗೆದರೆ ಮುಖಕ್ಕೆ ಬಡಿಯುವ ಬಿಸಿ,
ಒಡೆದ ಚಿಪ್ಪಿನ, ಒದ್ದೆ ತುಪ್ಪುಳದ ವಾಸನೆ,
ಎಂಟು ಸಾವಿರ ಗಂಟಲುಗಳ ಒಂದೇ ಗಲಾಟೆ.

ನನಗೆ ಹತ್ತೊಂಬತ್ತು. ಕಲಿಸಿದವಳು ಮಾಲ್‌ಸುನ್,
ಕೊರಿಯಾದವಳು. ಸ್ವೀಡಿಷ್‌ನಲ್ಲಿ ಅವಳಿಗೆ ಬರುತ್ತಿದ್ದದ್ದು
ಎಣಿಕೆ, ಹವೆ, ಬೈಗುಳ.
ಮಿಕ್ಕಿದ್ದೆಲ್ಲ ಬೆರಳು.

ಹಿಡಿ. ಹಾಗಲ್ಲ. ಬೆಣ್ಣೆಯಲ್ಲ ಅದು, ಕಲ್ಲೂ ಅಲ್ಲ.
ಹೆಬ್ಬೆರಳಲ್ಲಿ ರೆಕ್ಕೆ ಬಿಡಿಸಿ ದೀಪಕ್ಕೆ ಹಿಡಿದಳು,
ಅಂಚೆಚೀಟಿಯಷ್ಟಗಲ.
ಕೆಳಸಾಲಿನ ಗರಿ ಉದ್ದ, ಮೇಲಿನದು ಗಿಡ್ಡ:
ಹೆಣ್ಣು.
ಎರಡೂ ಸಮಸಮ, ಕತ್ತರಿ ಆಡಿಸಿದ ಹಾಗೆ:
ಗಂಡು.
ಹೆಣ್ಣಿಗೆ ಅವಸರ, ಚಿಪ್ಪಿನೊಳಗೇ ಗರಿ ಹೊರಟಿರುತ್ತದೆ.
ಆದರೆ ನೋಡುವುದಿದ್ದರೆ ಇವತ್ತು, ಹೆಚ್ಚೆಂದರೆ ನಾಳೆ.
ಮೂರನೆಯ ದಿನಕ್ಕೆ ಸಾಲುಗಳು ಸರಿದೂಗಿ
ರೆಕ್ಕೆ ಬಾಯಿ ಮುಚ್ಚಿಕೊಳ್ಳುತ್ತದೆ.

ಗುರುವಾರ ಕಪ್ಪು ಮರಿಗಳು.
ಅವಕ್ಕೆ ರೆಕ್ಕೆ ಬೇಡ, ನೆತ್ತಿ ಸಾಕು.
ಹಿಟ್ಟಿನ ಕೈಯಲ್ಲಿ ಯಾರೋ ತಲೆ ಸವರಿ ಹೋದ ಹಾಗೆ
ಒಂದು ಬಿಳಿ ಮಚ್ಚೆ ಇದ್ದರೆ ಹುಂಜ.
ತಾಯಿಯ ಮೈಮೇಲಿನ ಪಟ್ಟೆ ಗಂಡುಮಕ್ಕಳಿಗೆ ಮಾತ್ರ ಇಳಿಯುತ್ತದಂತೆ,
ಮಗಳಿಗೆ ಬರೀ ಕಪ್ಪು.
ಮೇಸ್ತ್ರಿ ಇದನ್ನು ವಿವರಿಸುತ್ತಿದ್ದಾಗ
ಮಾಲ್‌ಸುನ್ ಮೂಗಿನಲ್ಲೇ ನಕ್ಕಳು:
ನಮ್ಮ ಮನೆಯಲ್ಲೂ ಹಾಗೇ.

ಹೆಣ್ಣು ಬಲಕ್ಕೆ. ಅಲ್ಲಿ ದೀಪ, ನೀರು, ನುಚ್ಚು,
ನೂರಕ್ಕೆ ಎರಡು ಹೆಚ್ಚು ಹಾಕಿ ಮುಚ್ಚುವ ರಟ್ಟಿನ ಪೆಟ್ಟಿಗೆ.
ಗಂಡು ಎಡಕ್ಕೆ.
ಎಡಗಡೆಯ ಕೊಳವೆ ಎಲ್ಲಿಗೆ ಹೋಗುತ್ತದೆ ಅಂತ
ಮೊದಲ ವಾರ ಕೇಳಿದೆ.
ಎರಡನೆಯ ವಾರ ಕೇಳಲಿಲ್ಲ.

ಒಂಬತ್ತಕ್ಕೆ ಕಾಫಿ. ಏಲಕ್ಕಿ ಬನ್ನು ಅದ್ದಿಕೊಳ್ಳುತ್ತಾ
ನಿನ್ನ ಹೆಸರಿಗೇನರ್ಥ ಅಂದೆ.
ಸಾಕು ಅಂತ, ಅಂದಳು.
ಐದನೆಯವಳು ನಾನು. ಅಪ್ಪ ಕದದಾಚೆಯಿಂದ ಕೇಳಿದ,
ಅಜ್ಜಿ ಹೇಳಿದಳು, ಅಪ್ಪ ಗುದ್ದಲಿ ತೊಗೊಂಡು ಹೊಲಕ್ಕೆ ಹೋದ.
ಹೆಣ್ಣು ಸಾಕು, ಇದೇ ಕೊನೆ ಅಂತ ಇಟ್ಟರು.
ಆಮೇಲೆ?
ಆಮೇಲೆ ಇನ್ನೊಬ್ಬಳು.
ಅವಳಿಗೆ ಹೆಸರು ಹುಡುಕಲು ಮೂರು ತಿಂಗಳು ಬೇಕಾಯಿತು.
ಅಷ್ಟು ನಕ್ಕೆವು, ಕಾಫಿ ಚೆಲ್ಲಿತು.

ಕೆಲಸ ಮಾಡುವಾಗ ಅವಳ ತುಟಿ ಅಲ್ಲಾಡುತ್ತಿತ್ತು.
ಬಲಕ್ಕೆ ಒಂದು ಮರಿ ಹೋದಾಗಲೆಲ್ಲ ಒಂದು ಸದ್ದು,
ತ್ತಲ್, ತ್ತಲ್,
ಎಡಕ್ಕೆ ಹೋದಾಗ ಏನೂ ಇಲ್ಲ.
ಲೆಕ್ಕವಿರಬೇಕು ಅಂದುಕೊಂಡಿದ್ದೆ.
ಎಷ್ಟೋ ವರ್ಷದ ಮೇಲೆ, ಮಾಲ್ಮೊ ಆಸ್ಪತ್ರೆಯಲ್ಲಿ,
ಹೆರಿಗೆಯಾದ ಪಕ್ಕದ ಮಂಚದವಳ ಕಿವಿಗೆ
ಅವಳ ಗಂಡ ಬಗ್ಗಿ ಅದೇ ಸದ್ದು ಹೇಳಿದ.
ಹಾಗಂದರೇನು ಅಂತ ಕೇಳಿದೆ.
ಮಗಳು, ಅಂದ.

ಗಂಟೆಗೆ ಐನೂರು ಸಲ.
ದಿನಕ್ಕೆ ನಾಲ್ಕು ಸಾವಿರ.

ಅವಳು ಆ ಚಳಿಗಾಲಕ್ಕೆ ಬೆಲ್ಜಿಯಂಗೆ ಹೋದಳು.
ಒಂದು ಕಾರ್ಡು ಬಂತು: ಇಲ್ಲಿ ಮಳೆ. ಕೂಲಿ ಪರವಾಗಿಲ್ಲ.
ಈಗ ನನ್ನ ಹಿತ್ತಲಲ್ಲಿ ಹನ್ನೊಂದು ಕೋಳಿ, ಮೊಣಕಾಲು ನೋವು,
ಬೆರಳು ಮಾತ್ರ ಮರೆತಿಲ್ಲ.

ನಿನ್ನೆ ಪಕ್ಕದ ಮನೆಯ ತೂವಾ ಬಂದಳು,
ಟೋಪಿಯೊಳಗೆ ಒಂದು ಹಳದಿ ಮರಿ.
ಹೇಂಟೆಯಾ ಹುಂಜವಾ, ನಿಮಗೆ ಗೊತ್ತಾಗುತ್ತಂತೆ, ಅಮ್ಮ ಹೇಳಿದಳು.
ಹುಟ್ಟಿದ್ದು ಯಾವಾಗ?
ಭಾನುವಾರ.
ನಿನ್ನೆ ಗುರುವಾರ.
ಆದರೂ ಕಿಟಕಿಗೆ ಹಿಡಿದು ರೆಕ್ಕೆ ಬಿಡಿಸಿದೆ,
ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿದೆ.
ತಡವಾಯಿತು ಮಗೂ, ಇನ್ನು ಯಾರಿಗೂ ಗೊತ್ತಾಗಲ್ಲ.

ಹೇಳುವಾಗ ಎದೆಯಲ್ಲಿ ಏನೋ ಸಡಿಲಾಯಿತು.
ಎಡವೂ ಇಲ್ಲದ ಬಲವೂ ಇಲ್ಲದ ಅಡುಗೆಮನೆಯಲ್ಲಿ
ಮರಿ ನನ್ನ ಅಂಗೈಯಲ್ಲಿ ಬೆಚ್ಚಗೆ ಹಿಕ್ಕೆ ಹಾಕಿ
ಅಲ್ಲೇ ತೂಕಡಿಸಿತು.